ಸಹಾಯ ಬೇಕು: ಡಿವಿಡಿ ಸ್ಕ್ರೀನ್‌ಶಾಟ್‌ಗಳ ಅಳತೆ ಸರಿ ಮಾಡುವುದು ಹೇಗೆ?

ನಮಸ್ಕಾರ. ಹಳೆಯ ಯಕ್ಷಗಾನದ ಡಿವಿಡಿಯಿಂದ ಸ್ಕ್ರೀನ್‌ಶಾಟ್ ತೆಗೆದು ಆಲ್ಬಂ ಮಾಡುತ್ತಿದ್ದೇನೆ. ಚಿತ್ರಗಳು 720×576 ಅಳತೆಯಲ್ಲಿ ಸೇವ್ ಆಗುತ್ತಿವೆ, ವೇಷಧಾರಿಗಳೆಲ್ಲ ಸಣಕಲಾಗಿ ಕಾಣುತ್ತಾರೆ. ಕಿರೀಟದ ಎತ್ತರವಂತೂ ಕೇಳಬೇಡಿ!

ಪಾಲ್ (PAL, ನಮ್ಮ ಕಡೆಯ ಟಿವಿ ಪದ್ಧತಿ) ಡಿವಿಡಿಯ ಪಿಕ್ಸೆಲ್ ಚೌಕವಲ್ಲ. 4:3 ವಿಡಿಯೋ ಆದರೆ ಅಗಲವನ್ನು 768ಕ್ಕೆ, 16:9 ಆದರೆ 1024ಕ್ಕೆ ಹಿಗ್ಗಿಸಬೇಕು ಅನ್ನುವುದು ಗೊತ್ತು. ನನ್ನದು 4:3. ಗಿಂಪ್ (GIMP) ಅನ್ನುವ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಅಗಲ-ಎತ್ತರದ ನಡುವಿನ ಸರಪಳಿ ಗುರುತು ಬಿಡಿಸಿ ಒಂದು ಚಿತ್ರ ಹಿಗ್ಗಿಸಿದೆ, ಪರವಾಗಿಲ್ಲ ಅನ್ನಿಸಿತು.

ತೊಡಕು ಇರುವುದು ಎರಡೂ ಬದಿಯ ಕಪ್ಪು ಪಟ್ಟಿಯಲ್ಲಿ. ಮೊದಲು ಆಚೆ ಈಚೆ 8 ಪಿಕ್ಸೆಲ್ ಕತ್ತರಿಸಿ, 704 ಆದಮೇಲೆ 768ಕ್ಕೆ ಹಿಗ್ಗಿಸಬೇಕಾ? ಅಥವಾ 720ನ್ನೇ ಹಿಗ್ಗಿಸಿ ಕೊನೆಗೆ ಕ್ರಾಪ್ ಮಾಡಬೇಕಾ? ಎರಡರಲ್ಲೂ ಮುಖದ ಅಗಲ ಸ್ವಲ್ಪ ಬೇರೆ ಬರುತ್ತದೆ ಅಲ್ವಾ?

ಚಿತ್ರಗಳು ರಾಶಿ ಇವೆ. ಎಲ್ಲವನ್ನೂ ಒಟ್ಟಿಗೆ ಮಾಡುವ ದಾರಿ ಗೊತ್ತಿದ್ದವರು ಹೇಳಿ. ಮೊಬೈಲ್ ಆ್ಯಪ್ ಬೇಡ, ಲ್ಯಾಪ್‌ಟಾಪ್‌ನಲ್ಲೇ ಆಗಬೇಕು.