ರಿಮೋಟ್ ಕೋಡ್ ಸರಿಯಾಗೇ ಓದುತ್ತೆ, ವಾಪಸ್ ಕಳಿಸಿದ್ರೆ ಏನೂ ಆಗಲ್ಲ!

ಪಿನ್_ಮೂರು:
ಆರ್ಡುಯಿನೋ ಊನೋ ಬೋರ್ಡು, ರಿಮೋಟಿನ ಇನ್‌ಫ್ರಾರೆಡ್ ಸಿಗ್ನಲ್ ಓದಿ ಕಳಿಸೋ ಐಆರ್‌ರಿಮೋಟ್ ಲೈಬ್ರರಿ. ಬಟನ್ ಒತ್ತಿದಾಗೆಲ್ಲ ಸೀರಿಯಲ್ ಮಾನಿಟರ್‌ನಲ್ಲಿ ಒಂದೇ ಹೆಕ್ಸ್ ಬರುತ್ತೆ. ಅದನ್ನೇ ಸೆಂಡ್‌ಎನ್‌ಇಸಿಗೆ (ಎನ್‌ಇಸಿ ಅನ್ನೋ ರಿಮೋಟ್ ಪ್ರೋಟೋಕಾಲಲ್ಲಿ ಕಳಿಸೋ ಫಂಕ್ಷನ್) ಕೊಟ್ಟು ಕಳಿಸಿದ್ರೆ ಎದುರಿಗಿರೋದು ಕಮಕ್ ಕಿಮಕ್ ಅನ್ನಲ್ಲ. ವೈರಿಂಗ್ ಸರಿ ಇದೆ, ಕೋಡೂ ಸರಿ ಇದೆ. ಇನ್ನೇನು ನೋಡೋದು? ಸಾಕಾಗಿ ಹೋಗಿದೆ.

ಬೆಸುಗೆಕಡ್ಡಿ:
ಎಲ್‌ಇಡಿ ಸೀದಾ ಪಿನ್ನಿಗೇ ಕೊಟ್ಟಿದ್ದೀರಾ? ಹಾಗಾದ್ರೆ ಅದೇ ಕಾರಣ ಮಾರಾಯ್ರೆ. ಊನೋ ಪಿನ್ನಿಂದ 20 ಮಿಲಿಆಂಪ್ ಮೇಲೆ ಎಳೀಬಾರದು. ಎಲ್‌ಇಡಿಗೆ ಅಷ್ಟು ಸಾಲಲ್ಲ, ನಡುವೆ 2ಎನ್2222 ಟ್ರಾನ್ಸಿಸ್ಟರ್ ಹಾಕಿ. ಬೇಸ್‌ಗೆ 470 ಓಮ್ ರೆಸಿಸ್ಟರ್, ಎಮಿಟರ್ ಗ್ರೌಂಡಿಗೆ, 5 ವೋಲ್ಟ್‌ನಿಂದ 33 ಓಮ್, ಆಮೇಲೆ 940 ನ್ಯಾನೋಮೀಟರ್ ಎಲ್‌ಇಡಿ, ಅಲ್ಲಿಂದ ಕಲೆಕ್ಟರ್. ಎಲ್‌ಇಡಿಗೆ 1.3, ಟ್ರಾನ್ಸಿಸ್ಟರಿಗೆ 0.2 ಕಳೆದ್ರೆ ಉಳಿಯೋದು 3.5 ವೋಲ್ಟ್, ಅಂದ್ರೆ ಸುಮಾರು 105 ಮಿಲಿಆಂಪ್. ಪಲ್ಸ್‌ನಲ್ಲಿ ಮೂರರಲ್ಲೊಂದು ಪಾಲು ಹೊತ್ತು ಮಾತ್ರ ಉರಿಯೋದ್ರಿಂದ ಎಲ್‌ಇಡಿ ಸುಡಲ್ಲ.

ಪಿನ್_ಮೂರು:
ಬಿಸಿ547 ಟ್ರಾನ್ಸಿಸ್ಟರ್ ಹಾಕಿದೆ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಎಲ್‌ಇಡಿ ಮಿನುಗೋದು ಕಾಣುತ್ತೆ.

ಬೆಸುಗೆಕಡ್ಡಿ:
ಬಿಸಿ547ರ ಮಿತಿಯೇ 100 ಮಿಲಿಆಂಪ್. ಮೊದಲು ಅದನ್ನ ತೆಗೀರಿ.

ಹುಬ್ಳಿ_ಓಮ್:
ಸೀದಾ ಕಿತ್ತು ಹಾಕಬ್ಯಾಡ್ರಿ. ಚಪ್ಪಟೆ ಮೈ ನಿಮ್ಮ ಕಡೆ ಇಟ್ಟರ ಬಿಸಿ547ಕ್ಕ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್2222ರ ಪ್ಲಾಸ್ಟಿಕ್ ಮೈಯ ಪಿಎನ್2222ಕ್ಕ ಅದು ಉಲ್ಟಾ.

ಬೆಸುಗೆಕಡ್ಡಿ:
ಪಿ2ಎನ್2222 ಬಿಸಿ547 ತರಾನೇ ಇರೋದು. ಡೇಟಾಶೀಟ್ ತೆಗೆದು ನೋಡಿ.

ಹುಬ್ಳಿ_ಓಮ್:
ನಾ ಹೇಳಿದ್ದು ಪಿಎನ್, ನೀವ್ ಹೇಳೂದು ಪಿ2ಎನ್. ಮಲ್ಟಿಮೀಟರ್‌ನ ಟ್ರಾನ್ಸಿಸ್ಟರ್ ಪರೀಕ್ಷೆ ಮಾಡೂ ಎಚ್‌ಎಫ್‌ಇ ಸಾಕೆಟ್‌ನಾಗ ತೂರಿಸಿದ್ರ ಗೊತ್ತಾಗ್ತದ, ವಾದ ಯಾಕ?

ಟೈಮರ್_ಎರಡು:
ಟ್ರಾನ್ಸಿಸ್ಟರ್ ಜಗಳ ಪಕ್ಕಕ್ಕಿಡಿ. ಎದುರಿಗಿರೋದು ಏನು? ಲೈಬ್ರರಿ ಯಾವ ವರ್ಷನ್? ಹೆಕ್ಸ್ ಪಕ್ಕದಲ್ಲಿ ಎನ್‌ಇಸಿ ಅಂತ ಬರುತ್ತಾ, ಅನ್‌ನೋನ್ ಅಂತಾನಾ?

ಪಿನ್_ಮೂರು:
ಪ್ಯಾನಾಸಾನಿಕ್ ಎಸಿ. 2.2.3. ಅನ್‌ನೋನ್ ಅಂತಾನೇ ಇದೆ, ಆದ್ರೆ ಹೆಕ್ಸ್ ಬರ್ತಿದೆಯಲ್ಲ? ಟೆಂಪರೇಚರ್ ಏರಿಸಿದ್ರೂ ಇಳಿಸಿದ್ರೂ ಅದೇ ಹೆಕ್ಸ್. ಟಿವಿ ಇದೇ ಸರ್ಕ್ಯೂಟಲ್ಲಿ ಆರಾಮಾಗಿ ಆನ್ ಆಗುತ್ತೆ.

ಟೈಮರ್_ಎರಡು:
ಇದನ್ನ ಮೊದಲೇ ಹೇಳೋದಲ್ವಾ ಗುರು! ಟಿವಿ ಆನ್ ಆಗುತ್ತೆ ಅಂದ್ಮೇಲೆ ಹಾರ್ಡ್‌ವೇರ್ ಸರಿ ಇದೆ.

ಅನ್‌ನೋನ್ ಪಕ್ಕದ ಹೆಕ್ಸ್ ರಿಮೋಟಿನ ಕೋಡೇ ಅಲ್ಲ. ಟೈಮಿಂಗ್‌ಗಳಿಂದ ಲೈಬ್ರರಿ (ಸಿಗ್ನಲ್ ಎಷ್ಟೆಷ್ಟು ಹೊತ್ತು ಇತ್ತು, ಎಷ್ಟೆಷ್ಟು ಹೊತ್ತು ಇರಲಿಲ್ಲ ಅನ್ನೋದರಿಂದ) ಲೆಕ್ಕ ಹಾಕಿದ ಹ್ಯಾಶ್, ಅಂದ್ರೆ ಬರೀ ಗುರುತಿನ ನಂಬರ್ ಅದು, ವಾಪಸ್ ಕಳಿಸೋಕೆ ಬರಲ್ಲ. ಎನ್‌ಇಸಿ 32 ಬಿಟ್. ನಿಮ್ಮ ಎಸಿ ಕಳಿಸೋದು 216 ಬಿಟ್: ಮೊದಲು 8 ಬೈಟ್, 10 ಮಿಲಿಸೆಕೆಂಡ್ ಬಿಡುವು, ಆಮೇಲೆ 19 ಬೈಟ್. ಯಾವ ಬಟನ್ ಒತ್ತಿದ್ರೂ ಮೋಡ್, ಫ್ಯಾನ್, ಟೆಂಪರೇಚರ್ ಎಲ್ಲಾ ಒಟ್ಟಿಗೆ ಹೋಗುತ್ತೆ. ಆ ಮೊದಲ 8 ಬೈಟ್ ಯಾವತ್ತೂ ಬದಲಾಗಲ್ಲ, ಹಳೇ ಲೈಬ್ರರಿ ಟೈಮಿಂಗ್ ತುಂಬಿಟ್ಕೊಳ್ಳೋ ಬಫರು ಅಷ್ಟರೊಳಗೇ 101 ಟೈಮಿಂಗ್‌ಗೆ ತುಂಬಿ ನಿಲ್ಲುತ್ತೆ. ಅದಕ್ಕೇ ಎಲ್ಲ ಬಟನ್‌ಗೂ ಒಂದೇ ಹೆಕ್ಸ್.

ಲೈಬ್ರರಿಯ 4.x ವರ್ಷನ್ ಹಾಕಿ. ರಾ_ಬಫರ್_ಲೆಂತ್ 750, ರೆಕಾರ್ಡ್_ಗ್ಯಾಪ್_ಮೈಕ್ರೋಸ್ 12000. ಗ್ಯಾಪ್ 10000ಕ್ಕಿಂತ ಕಮ್ಮಿ ಇದ್ರೆ ಬಿಡುವು ಬಂದ ತಕ್ಷಣ ಫ್ರೇಮ್ ಮುಗೀತು ಅಂದ್ಕೊಳ್ಳುತ್ತೆ. ಎರಡೂ ಡಿಫೈನ್ ಸಾಲು ಇನ್‌ಕ್ಲೂಡ್‌ಗಿಂತ ಮೇಲಿರಬೇಕು, ಕೆಳಗೆ ಬರೆದ್ರೆ ಲೆಕ್ಕಕ್ಕಿಲ್ಲ. ಸರಿಯಾಗಿ ಬಂದ್ರೆ 439 ಟೈಮಿಂಗ್ ಸಿಗುತ್ತೆ. ಅದನ್ನ ಪ್ರೋಗ್‌ಮೆಮ್‌ನಲ್ಲಿಟ್ಟು (ರ‍್ಯಾಮ್ ಬದಲು ಫ್ಲ್ಯಾಶ್ ಮೆಮೊರಿಯಲ್ಲಿ) ಸೆಂಡ್‌ರಾ_ಪಿ ಬಳಸಿ, ರ‍್ಯಾಮ್ ಇರೋದೇ 2 ಕೆಬಿ. ಫ್ರೀಕ್ವೆನ್ಸಿ 37 ಕೊಡಿ, ಪ್ಯಾನಾಸಾನಿಕ್‌ದು 36.7 ಕಿಲೋಹರ್ಟ್ಸ್.

ಬೆಸುಗೆಕಡ್ಡಿ:
ಏನೇ ಹೇಳಿ, ಎಸಿ ಇರೋದು ಗೋಡೆ ಮೇಲೆ ಎತ್ತರದಲ್ಲಿ. 33 ಓಮ್ ಇಲ್ದೆ ಅಲ್ಲಿಗೆ ಮುಟ್ಟಲ್ಲ.

ಜಿಪಿಐಒ_ಗೌಡ:
ಊನೋ ಬಿಡಿ ಸಾರ್. ನಮ್ಮನೇಲಿ ಇಎಸ್‌ಪಿ32 ಬೋರ್ಡು, ನಾಲ್ಕು ದಿಕ್ಕಿಗೆ ನಾಲ್ಕು ಎಲ್‌ಇಡಿ, ಒಂದೊಂದಕ್ಕೂ ಬೇರೆ ರೆಸಿಸ್ಟರ್, ಮೇಲೆ ಮನೆ ಸಾಧನಗಳನ್ನ ನಡೆಸೋ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್. ಐಆರ್‌ರಿಮೋಟ್‌ಇಎಸ್‌ಪಿ8266 ಲೈಬ್ರರಿಯಲ್ಲಿ ಪ್ಯಾನಾಸಾನಿಕ್ ಎಸಿಗೆ ಕ್ಲಾಸೇ ಇದೆ. ಸೆಟ್‌ಟೆಂಪ್ 25 ಅಂದ್ರೆ ಮುಗೀತು.

ಹುಬ್ಳಿ_ಓಮ್:
ಇಎಸ್‌ಪಿ32ರ ಆರ್ಡುಯಿನೋ ಕೋರ್ 3ರ ಮ್ಯಾಲ ಆ ಲೈಬ್ರರಿಯ 2.8.6 ಕಂಪೈಲ್ ಆಗಂಗಿಲ್ಲಲ್ರಿ, ಟೈಮರ್‌ಬಿಗಿನ್ ಎರರ್ ಬರ್ತದ.

ಜಿಪಿಐಒ_ಗೌಡ:
ಕೋರ್ 2.0.17ಕ್ಕೆ ಇಳಿಸ್ಕೊಳ್ಳಿ.

ಪಿನ್_ಮೂರು:
439 ಬಂತು, ಎಸಿ ಆನ್ ಆಯ್ತು, 24 ತೋರಿಸ್ತಿದೆ. ಟ್ರಾನ್ಸಿಸ್ಟರ್ ಅದೇ ಬಿಸಿ547. 25ಕ್ಕೆ ಇನ್ನೊಂದು ಅರೇ (ಟೈಮಿಂಗ್ ಪಟ್ಟಿ) ಬೇಕಾ?

ಟೈಮರ್_ಎರಡು:
ಒಂದು ಅರೇ 878 ಬೈಟ್. 16ರಿಂದ 30ರವರೆಗೆ ಹದಿನೈದು ಅಂದ್ರೆ 13 ಕೆಬಿ, ಫ್ಲ್ಯಾಶ್‌ನಲ್ಲಿ ಹಿಡಿಸುತ್ತೆ, ಆದ್ರೆ ದಂಡ. 27 ಬೈಟ್ ಮಾತ್ರ ಇಟ್ಕೊಳ್ಳಿ. ಸೊನ್ನೆಯಿಂದ ಎಣಿಸಿದ್ರೆ 14ನೇ ಬೈಟು ಟೆಂಪರೇಚರಿನ ಎರಡರಷ್ಟು, ಕೊನೇದು ಚೆಕ್‌ಸಮ್, ಅಂದ್ರೆ ತಪ್ಪು ಹಿಡಿಯೋಕೆ ಇಡೋ ಮೊತ್ತ. 24ರಿಂದ 25 ಮಾಡೋಕೆ ಎರಡಕ್ಕೂ 2 ಕೂಡಿಸಿ. ಚೆಕ್‌ಸಮ್ 255 ದಾಟಿದ್ರೆ 256 ಕಳೀರಿ. ಪ್ರತಿ ಬೈಟೂ ಕೆಳಗಿನ ಬಿಟ್‌ನಿಂದ ಮೊದಲು ಹೋಗಬೇಕು.

ಬೆಸುಗೆಕಡ್ಡಿ:
ಬಿಸಿ547ರ ಬೇಸ್‌ಗೆ ಎಷ್ಟು ಓಮ್ ಹಾಕಿದ್ದೀರಿ?