‘ಸೈಟೇಶನ್’ ಎಂಬುದಕ್ಕೆ ‘ಉಲ್ಲೇಖ’ ಸಾಲುತ್ತದೆಯೇ?

ಬಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಖಭೌತ ವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರ ಸಂಶೋಧನೆಯ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಕಪ್ಪುಕುಳಿ (ಬ್ಲ್ಯಾಕ್ ಹೋಲ್), ಗುರುತ್ವ ಅಲೆ (ಗ್ರಾವಿಟೇಶನಲ್ ವೇವ್) ಇವೆಲ್ಲ ಹೇಗೋ ದಾರಿಗೆ ಬಂದವು. ‘ಸೈಟೇಶನ್’, ಅಂದರೆ ಒಂದು ಪ್ರಬಂಧವನ್ನು ಮುಂದಿನವರು ತಮ್ಮ ಪ್ರಬಂಧದಲ್ಲಿ ಹೆಸರಿಸುವುದು, ಈ ಒಂದೇ ಪದದ ಮುಂದೆ ವಾರದಿಂದ ನಿಂತಿದ್ದೇನೆ.

ಸಂದರ್ಭ ಇದು. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಶ್ವೇಶ್ವರ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆ ಮಾಡಿದರು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರದೊಂದು ಚಿಕ್ಕ ಪ್ರಬಂಧ ಪ್ರಕಟವಾಯಿತು. ಕಪ್ಪುಕುಳಿಯತ್ತ ಗುರುತ್ವ ಅಲೆಯನ್ನು ಕಳಿಸಿದರೆ ಮರಳಿ ಬರುವುದೇನು ಎಂಬುದು ಅದರ ಪ್ರಶ್ನೆ. ಲೆಕ್ಕದಲ್ಲಿ ಕಂಡದ್ದು ಮೆಲ್ಲಗೆ ಅಡಗುವ ಕಂಪನ: ಗಂಟೆ ಬಾರಿಸಿ ಕೈಬಿಟ್ಟಾಗ ನಾದ ಇಳಿಯುತ್ತ ಹೋಗುವ ಹಾಗೆ. 46 ವರ್ಷಗಳ ಬಳಿಕ, 2016ರ ಫೆಬ್ರುವರಿ 11ರಂದು, ಗುರುತ್ವ ಅಲೆಯನ್ನು ಮೊದಲ ಬಾರಿಗೆ ನೇರವಾಗಿ ಹಿಡಿದ ಲೈಗೊ ತಂಡದ ಪ್ರಬಂಧ ಹೊರಬಂದಿತು. ಅದರ ಕೊನೆಯ ಪಟ್ಟಿಯಲ್ಲಿ 8ನೆಯ ನಮೂದು ವಿಶ್ವೇಶ್ವರರ ಆ 1970ರ ಪ್ರಬಂಧ. ಆ ಸಾಲನ್ನು ಕಣ್ಣಾರೆ ಕಂಡ ದಿನದ ಸಂತೋಷವೇ ನನ್ನಿಂದ ಈ ಲೇಖನ ಬರೆಸುತ್ತಿದೆ.

ತೊಡಕು ಇಲ್ಲಿದೆ. ಲೈಗೊ ಪ್ರಬಂಧದ ಕಡೆ ನಿಂತು ನೋಡಿದರೆ ಆ ಸಾಲು ‘ರೆಫರೆನ್ಸ್’. ವಿಶ್ವೇಶ್ವರರ ಕಡೆ ನಿಂತರೆ ಅದೇ ‘ಸೈಟೇಶನ್’. ಒಬ್ಬರು ಕೊಟ್ಟದ್ದು, ಇನ್ನೊಬ್ಬರು ಪಡೆದದ್ದು. ಖಗೋಳ ವಿಜ್ಞಾನಿಗಳು ಬಳಸುವ ನಾಸಾದ ಎಡಿಎಸ್ ಜಾಲತಾಣದಲ್ಲಿ ಒಂದೊಂದು ಪ್ರಬಂಧಕ್ಕೂ ಇವು ಎರಡು ಬೇರೆ ಪಟ್ಟಿಗಳು. ಮೊದಲನೆಯದು ಪ್ರಬಂಧ ಅಚ್ಚಾದ ದಿನವೇ ಮುಗಿಯಿತು. ಎರಡನೆಯದು ಬರೆದವರು ತೀರಿಕೊಂಡ ಮೇಲೂ ಬೆಳೆಯುತ್ತದೆ. ವಿಶ್ವೇಶ್ವರ 2017ರಲ್ಲಿ ನಿಧನರಾದರು, ಅವರ ಪಟ್ಟಿ ಇನ್ನೂ ಬೆಳೆಯುತ್ತಿದೆ. ನಾವು ಎರಡಕ್ಕೂ ‘ಉಲ್ಲೇಖ’ ಎನ್ನುತ್ತೇವೆ. ‘ಈ ಪ್ರಬಂಧದ ಉಲ್ಲೇಖಗಳು’ ಎಂದು ಬರೆದರೆ ಓದುವ ಹುಡುಗಿ ಯಾವುದೆಂದು ತಿಳಿಯಬೇಕು?

ಕಚೇರಿಯ ಪತ್ರಗಳಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂದು ಬರೆದು ಹಿಂದಿನ ಪತ್ರದ ಸಂಖ್ಯೆ, ದಿನಾಂಕ ನಮೂದಿಸುತ್ತಾರೆ. ಅಂದರೆ ಬಳಕೆಯಲ್ಲಿ ಅದು ಆಗಲೇ ಹಿಂದಕ್ಕೆ ಕೈತೋರುವ ಪದ. ‘ಉದ್ಧರಣೆ’ ಎಂದರೆ ಇನ್ನೊಬ್ಬರ ಮಾತನ್ನು ಇದ್ದಂತೆಯೇ ಎತ್ತಿ ಬರೆಯುವುದು. ಖಭೌತದ ಪ್ರಬಂಧಗಳಲ್ಲಿ ಅದು ಬಲು ಅಪರೂಪ. ‘ಬಿನ್ನವತ್ತಳೆ’ ಸನ್ಮಾನಕ್ಕೆ ಸಲ್ಲುವುದು, ಇಲ್ಲಿಗೆ ಸಲ್ಲದು. ‘ಆಧಾರ’ ನನಗೆ ತುಂಬ ಹಿಡಿಸಿತ್ತು: ‘ಇದು 20 ಪ್ರಬಂಧಗಳನ್ನು ಆಧರಿಸಿದೆ, 300 ಪ್ರಬಂಧಗಳಿಗೆ ಆಧಾರವಾಗಿದೆ’ ಎಂದರೆ ಕೊಟ್ಟದ್ದು ಪಡೆದದ್ದು ತಾನಾಗಿ ಬೇರೆಯಾಗುತ್ತವೆ. ಆದರೆ 1935ರಲ್ಲಿ ಖಭೌತ ವಿಜ್ಞಾನಿ ಎಡಿಂಗ್ಟನ್ ಅವರು ಕಿರಿಯ ವಿಜ್ಞಾನಿ ಚಂದ್ರಶೇಖರ್ ಅವರ ಹೆಸರು ಹೇಳಿಯೇ, ನಕ್ಷತ್ರಗಳ ಕೊನೆಯ ಬಗ್ಗೆ ಚಂದ್ರಶೇಖರ್ ತಳೆದ ನಿಲುವನ್ನು ಅಲ್ಲಗಳೆದರಲ್ಲ! ಅಲ್ಲಗಳೆಯಲು ಹೆಸರಿಸಿದ್ದನ್ನು ಆಧಾರ ಎನ್ನಲಾಗದು.

ಸದ್ಯಕ್ಕೆ ‘ಕೊಟ್ಟ ಉಲ್ಲೇಖ’, ‘ಪಡೆದ ಉಲ್ಲೇಖ’ ಎಂದು ಬರೆದುಕೊಂಡಿದ್ದೇನೆ, ಕೊಟ್ಟ ಸಾಲ, ಪಡೆದ ಸಾಲ ಎನ್ನುವಂತೆ. 2005ರಲ್ಲಿ ಭೌತ ವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ, ಸಂಶೋಧಕರ ಕೆಲಸವನ್ನು ಪಡೆದ ಉಲ್ಲೇಖಗಳಿಂದ ಅಳೆಯುವ ಎಚ್-ಸೂಚ್ಯಂಕವನ್ನು ವಿವರಿಸಲು ಇದು ಅನುಕೂಲವೂ ಆಯಿತು. ಒಬ್ಬರ ಐದು ಪ್ರಬಂಧಗಳು ಕ್ರಮವಾಗಿ 100, 20, 6, 4, 1 ಉಲ್ಲೇಖ ಪಡೆದಿದ್ದರೆ, ತಲಾ ಕನಿಷ್ಠ 4 ಉಲ್ಲೇಖ ಪಡೆದ ಪ್ರಬಂಧಗಳು ನಾಲ್ಕು, ಸೂಚ್ಯಂಕ 4. ಮೊದಲನೆಯದು 100ರ ಬದಲು 1,000 ಪಡೆದರೂ ಸೂಚ್ಯಂಕ 4 ಆಗಿಯೇ ಉಳಿಯುತ್ತದೆ. ಗಂಟೆಯ ನಾದ ಕೇಳಿಸಿದ ಆ ಪ್ರಬಂಧವೂ ಈ ಲೆಕ್ಕದಲ್ಲಿ ಒಂದೇ ಒಂದು. ಮಕ್ಕಳಿಗೆ ಇದನ್ನು ಹೇಳಲೇಬೇಕು ಎಂಬುದು ನನ್ನ ಹಟ.

‘ಇಂಪ್ಯಾಕ್ಟ್’ ಎಂಬುದಕ್ಕೆ ‘ಪರಿಣಾಮ’ ಬೇಡವೆನಿಸುತ್ತದೆ, ಔಷಧದ ಅಡ್ಡಪರಿಣಾಮ ನೆನಪಾಗುತ್ತದೆ. ‘ಪ್ರಭಾವ’ ಪರವಾಗಿಲ್ಲ, ‘ಉಲ್ಲೇಖದ ತೂಕ’ ಇನ್ನೂ ಚೆನ್ನ. ‘ರಿಸರ್ಚ್ ಔಟ್‌ಪುಟ್’ ಎಂಬುದಕ್ಕೆ ‘ಸಂಶೋಧನಾ ಉತ್ಪಾದನೆ’ ಎಂದು ಒಂದು ಅನುವಾದದಲ್ಲಿ ಓದಿ ನೊಂದುಕೊಂಡೆ. ‘ಪ್ರಕಟಿತ ಕೆಲಸ’ ಎಂದರೆ ಸಾಲದೇ?

ಮುಖ್ಯ ಪ್ರಶ್ನೆ ಹಳಗನ್ನಡ ಬಲ್ಲವರಿಗೆ. ಹಳಗನ್ನಡ ವ್ಯಾಕರಣವಾದ ಶಬ್ದಮಣಿದರ್ಪಣದ ಆರಂಭದಲ್ಲಿ ಕೇಶಿರಾಜ ತನಗಿಂತ ಹಿಂದಿನ ಕವಿಗಳಾದ ಗಜಗ, ಗುಣನಂದಿ, ಅಸಗ, ಶ್ರೀವಿಜಯ, ಪೊನ್ನ ಮೊದಲಾದವರನ್ನು ಹೆಸರಿಸಿ ಅವರ ಸುಮಾರ್ಗವೇ ಇಲ್ಲಿ ‘ಲಕ್ಷ್ಯ’ ಎನ್ನುತ್ತಾನೆ. ಗಜಗನ, ಗುಣನಂದಿಯ ಕಾವ್ಯ ಇಂದು ನಮ್ಮ ಕೈಯಲ್ಲಿಲ್ಲ, ಅವರು ಪಡೆದ ಉಲ್ಲೇಖ ಮಾತ್ರ ಉಳಿದಿದೆ. ಹೀಗೆ ಮುಂದಿನವರು ಎತ್ತಿ ತೋರಿಸಿದ ಬರಹಕ್ಕೆ ‘ಲಕ್ಷ್ಯ’ ಎಂಬ ಪದ ನಮ್ಮಲ್ಲಿ ಆಗಲೇ ಇತ್ತು. ಆದರೆ ಇಂದಿನ ಕನ್ನಡದಲ್ಲಿ ಲಕ್ಷ್ಯ ಎಂದರೆ ಗಮನ. ‘ಈ ಪ್ರಬಂಧ 300 ಕಡೆ ಲಕ್ಷ್ಯವಾಗಿದೆ’ ಎಂದು ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ವ್ಯಾಖ್ಯಾನಗಳಲ್ಲಿ, ಟೀಕೆಗಳಲ್ಲಿ ಇದಕ್ಕಿಂತ ಹಗುರವಾದ ಪದವೇನಾದರೂ ಕಂಡಿದ್ದೀರಾ?