‘ಅರೆಕಾಲಿಕ’ದಲ್ಲಿ ‘ಅರೆ’ ಅಂದರೆ ಎಷ್ಟು? ಅತ್ತಿಗೆಯ ರಜೆ ಲೆಕ್ಕಕ್ಕೆ ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಮೂರ್ನಾಲ್ಕು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ನಿಘಂಟು ನೋಡಿ’ ಅನ್ನುತ್ತೀರಿ. ನಿಘಂಟು ನೋಡಿ ಬರೆದದ್ದಕ್ಕೇ ಈ ಪಜೀತಿ ಆಗಿರುವುದು.

ನಮ್ಮ ಅತ್ತಿಗೆ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದಾರೆ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮ್‌ನಲ್ಲಿ ಕೆಲಸ. ಮಂಗಳವಾರ, ಬುಧವಾರ, ಗುರುವಾರ ಮಾತ್ರ. ಜೊತೆಗೆ ಇನ್ನಿಬ್ಬರು ಕನ್ನಡದವರಿದ್ದಾರಂತೆ. ‘ನಮಗೆ ವರ್ಷಕ್ಕೆ ಎಷ್ಟು ರಜೆ ಬರಬೇಕು ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಡು, ನೀನು ಅಕೌಂಟ್ಸ್‌ನವನಲ್ವಾ’ ಅಂದರು. ಬರೆದುಕೊಟ್ಟೆ. ತಲೆಬರಹ ‘ಅರೆಕಾಲಿಕ ನೌಕರರ ರಜಾ ಅರ್ಹತೆ’. ಥೇಟ್ ಸುತ್ತೋಲೆ.

ಎರಡು ದಿನ ಬಿಟ್ಟು ಅತ್ತಿಗೆ ಫೋನ್ ಮಾಡಿದರು. ‘ಸರಿಯಾಗಿಯೇ ಇದೆ ಕಣೋ. ಪೂರ್ತಿ ಕೆಲಸದವರಿಗೆ 28 ದಿನ. ನಾನು ಅರೆ, ನನಗೆ 14. ಆಫೀಸಿನವರು ಕೊಟ್ಟಿರುವುದೂ ಅಷ್ಟೇ.’

ಎರಡು 14ಗಳೂ ತಪ್ಪು! ಆಫೀಸಿನ 14 ಬಂದ ದಾರಿ ಬೇರೆ. ಪೂರ್ತಿ ಕೆಲಸದವರಿಗೆ ಅಲ್ಲಿ 20 ದಿನ, ಮೇಲೆ ಎಂಟು ಸಾರ್ವಜನಿಕ ರಜೆ. 20ರಲ್ಲಿ ಐದಕ್ಕೆ ಮೂರರಂತೆ ಅತ್ತಿಗೆಗೆ 12. ಸಾರ್ವಜನಿಕ ರಜೆ ಮಾತ್ರ ‘ನಿಮ್ಮ ಡ್ಯೂಟಿ ದಿನ ಬಂದರೆ ನಿಮ್ಮದು’ ಅಂದಿದ್ದಾರೆ. ಇಂಗ್ಲೆಂಡಿನ ಆ ಎಂಟರಲ್ಲಿ ನಾಲ್ಕು ಸಾಮಾನ್ಯವಾಗಿ ಸೋಮವಾರವೇ ಬರುತ್ತವೆ, ಗುಡ್ ಫ್ರೈಡೆ ಶುಕ್ರವಾರ. 2025ರಲ್ಲಿ ಅತ್ತಿಗೆಯ ದಿನಗಳಿಗೆ ಬಿದ್ದದ್ದು ಎರಡೇ ಎರಡು: ಬುಧವಾರದ ಜನವರಿ 1, ಗುರುವಾರದ ಕ್ರಿಸ್‌ಮಸ್. 12ಕ್ಕೆ 2 ಸೇರಿ 14. ನನ್ನ ‘ಅರೆ’ ಹೋಗಿ ಅದಕ್ಕೆ ಸಾಕ್ಷಿ ಹೇಳಿಬಿಟ್ಟಿತು.

ಅಲ್ಲಿನ ಕಾನೂನು ರಜೆಯನ್ನು ವಾರದ ಲೆಕ್ಕದಲ್ಲಿ ಕೊಡುತ್ತದೆ. ಕೆಲಸದ ಸಮಯದ ಬಗ್ಗೆ 1998ರಲ್ಲಿ ಬಂದ ನಿಯಮಗಳಿವೆ. ಅವುಗಳ ಪ್ರಕಾರ ಈಗ ವರ್ಷಕ್ಕೆ ಕಡಿಮೆ ಅಂದರೂ 5.6 ವಾರ ಸಂಬಳದ ರಜೆ ಸಿಗಬೇಕು. ವಾರಕ್ಕೆ ಐದು ದಿನ ಹೋಗುವವರಿಗೆ 28 ದಿನ. ಮೂರು ದಿನ ಹೋಗುವ ಅತ್ತಿಗೆಗೆ 16.8. ಇದನ್ನು 17 ಮಾಡಿದರೆ ಯಾರೂ ಕೇಳುವುದಿಲ್ಲ, 16 ಮಾಡುವ ಹಾಗಿಲ್ಲ. ಸಾರ್ವಜನಿಕ ರಜೆಯನ್ನು ಇದರೊಳಗೇ ಸೇರಿಸಿಕೊಳ್ಳಬಹುದು. ಆದರೆ ಒಟ್ಟು ಇದಕ್ಕಿಂತ ಇಳಿಯಬಾರದು. ಅಲ್ಲಿಗೆ 2.8 ದಿನ ಖೋತಾ.

ಈಗ ಪದಕ್ಕೆ ಬರೋಣ. ಅರೆಬೆಂದ ಅನ್ನ, ಅರೆಮನಸ್ಸು, ಅರೆಹೊಟ್ಟೆ ಅನ್ನುವಾಗ ಅರೆ ಅಂದರೆ ಪೂರ್ತಿ ಅಲ್ಲದ್ದು, ಅಷ್ಟೇ. ಅನ್ನ ಸರಿಯಾಗಿ ಅರ್ಧ ಬೆಂದಿದೆಯಾ ಅಂತ ಯಾರೂ ಅಳೆಯುವುದಿಲ್ಲ. ಆದರೆ ಅರೆಸೇರು, ಅರೆಪಾವು ಅಂದ ಕೂಡಲೇ ಅದು ಕರಾರುವಾಕ್ಕಾದ ಅರ್ಧ. ಅರೆಕಾಲಿಕ ಅಂತ ಮಾಡಿದವರ ತಲೆಯಲ್ಲಿ ಮೊದಲನೆಯ ಅರೆ ಇದ್ದಿರಬೇಕು. ಆದರೆ ಪಕ್ಕದಲ್ಲಿ 28 ಅಂತ ಅಂಕಿ ಕಂಡರೆ ಓದುವವರ ಕಣ್ಣಿಗೆ ಬೀಳುವುದು ಎರಡನೆಯದೇ. ಮರಾಠಿಯ ‘ಅರ್ಧವೇಳ’ಕ್ಕೂ ಇದೇ ಕಷ್ಟ. ಹಿಂದಿಯ ‘ಅಂಶಕಾಲಿಕ’ ಲೆಕ್ಕಕ್ಕೆ ಮೋಸ ಮಾಡುವುದಿಲ್ಲ ನಿಜ, ಆದರೆ ಅತ್ತಿಗೆಗೆ ಅಂಶಕಾಲಿಕ ಅಂದರೆ ಯಾವುದೋ ಜಾತಕದ ಪದ ಅಂದುಕೊಳ್ಳುತ್ತಾರೆ. ‘ಪಾರ್ಟ್ ಟೈಮ್’ ಅಂತ ಹಾಗೇ ಇಡೋಣವೇ? ನಾನಂತೂ ಅದಕ್ಕೆ ತಯಾರಿದ್ದೇನೆ.

ಎರಡನೆಯದು ‘ವಾರ’. ಇದರಲ್ಲಿ ನಾನು ಇಷ್ಟು ಸಿಕ್ಕಿಕೊಳ್ಳುತ್ತೇನೆ ಅಂದುಕೊಂಡಿರಲಿಲ್ಲ. ‘ಇವತ್ತು ಯಾವ ವಾರ?’ ಅಂದರೆ ದಿನ. ‘ಮುಂದಿನ ವಾರ’ ಅಂದರೆ ಏಳು ದಿನ. ‘ವಾರದ ರಜೆ’ ಅಂದರೆ ಭಾನುವಾರದ ಥರ ವಾರಕ್ಕೊಮ್ಮೆ ಬರುವ ರಜೆ. ಹೀಗಿರುವಾಗ ‘5.6 ವಾರಗಳ ರಜೆ’ ಅಂತ ಬರೆದರೆ ಮೂರು ದಿನದ ಕೆಲಸದವರು ಏನು ತಿಳಿಯಬೇಕು? ಇಲ್ಲಿ ವಾರ ಅಂದರೆ ಅವರವರ ಕೆಲಸದ ವಾರ, ಅತ್ತಿಗೆಗೆ ಮೂರೇ ದಿನದ್ದು. ‘ದುಡಿಮೆವಾರ’ ಅಂತ ಕಟ್ಟಿ ನೋಡಿದೆ. ನನಗೇ ನಗು ಬಂತು. ‘ನಿಮ್ಮ ಕೆಲಸದ ವಾರ’ ಅಂತ ಬಿಡಿಸಿ ಬರೆಯುವುದೇ ವಾಸಿಯೇನೋ.

ಮೂರನೆಯದು ‘ಅರ್ಹತೆ’. ಪರೀಕ್ಷೆ ಪಾಸಾದರೆ ಬರುವುದು ಅರ್ಹತೆ. ‘ಹಕ್ಕು’ ಸರಿಯಾದ ಪದವೇ, ಆದರೆ ಅದನ್ನು ಕಂಡರೆ ಅತ್ತಿಗೆಗೆ ಧರಣಿ ಕೂತ ಹಾಗೆ ಅನಿಸುತ್ತದಂತೆ. ಇನ್ನು ‘ರಜೆ’ಯ ಮೂಲವೇ ಒಪ್ಪಿಗೆ. ಅರಬಿಯಿಂದ ಫಾರ್ಸಿ ಹಾದು ಬಂದ ರಜಾ ಅದು, ನಮ್ಮ ‘ರಾಜಿ’ಗೆ ದಾಯಾದಿ. ಧಣಿ ಒಪ್ಪಿದರೆ ರಜೆ. ಇಲ್ಲಿ ಹೇಳಬೇಕಾದದ್ದು ಅದರ ಉಲ್ಟಾ: ಧಣಿಯ ಮನಸ್ಸು ಹೇಗೇ ಇರಲಿ, ಇಷ್ಟು ದಿನ ನಿಮ್ಮದು. ಅದಕ್ಕೆ ‘ಸಲ್ಲಬೇಕಾದ ರಜೆ’ ಅಂತ ಇಟ್ಟಿದ್ದೇನೆ. ‘ನನಗೆ ಸಲ್ಲಬೇಕಾದದ್ದು ಕೊಡಿ’ ಅಂತ ಎಲ್ಲರೂ ಅನ್ನುತ್ತೇವೆ. ಇದರಲ್ಲಿ ಜಗಳವೂ ಇಲ್ಲ, ಬೇಡುವುದೂ ಇಲ್ಲ. ಒಪ್ಪಿಗೆಯೇ?

ಇನ್ನೊಂದು ಸಣ್ಣದು. ಆಫೀಸಿನ ಕಾಗದದಲ್ಲಿ ‘ಬ್ಯಾಂಕ್ ಹಾಲಿಡೇ’ ಅಂತಿದೆ. ಸಾರ್ವಜನಿಕ ರಜೆಗೆ ಅಲ್ಲಿನ ಹೆಸರು ಅದು. ‘ಬ್ಯಾಂಕ್ ರಜೆ’ ಅಂತ ಮಾಡಬೇಡಿ. ನಮ್ಮಲ್ಲಿ ಅದು ಚೆಕ್ ಪಾಸಾಗದ ದಿನ.

ಕೊನೆಗೆ ಐದಕ್ಕೆ ಮೂರು ಅನ್ನುವ ಹಂಚಿಕೆ. ‘ಪ್ರಮಾಣಾನುಗುಣ’ ಅಂತ ಬರೆದಿದ್ದೆ, ಓದುವಾಗ ನನಗೇ ನಾಲಿಗೆ ತೊಡರಿತು. ಹಳೆಯ ಕಚೇರಿ ಕಾಗದಗಳಲ್ಲಿ ‘ದಾಮಾಷಾ’ ಅಂತ ಒಳ್ಳೆಯ ಪದವಿತ್ತು. ಸಾಲಗಾರನ ಆಸ್ತಿ ಮಾರಿ ಬಂದ ದುಡ್ಡನ್ನು ದಾಮಾಷಾ ಹಂಚಿದರು ಅನ್ನುತ್ತಿದ್ದರು, ಅಂದರೆ ಯಾರದ್ದು ಎಷ್ಟೋ ಅದಕ್ಕೆ ತಕ್ಕ ಪಾಲು. ನಮ್ಮ ತಂದೆ ಸಲೀಸಾಗಿ ಬಳಸುತ್ತಿದ್ದರು. ಇವತ್ತು ಯಾರಾದರೂ ಬಳಸುತ್ತೀರಾ? ಕೋರ್ಟು, ಸಹಕಾರ ಸಂಘದ ಕಡೆಯವರು ಹೇಳಿ.

ಅತ್ತಿಗೆಯ ಜೊತೆಯ ಒಬ್ಬರಿಗೆ ಗೊತ್ತಾದ ಗಂಟೆಗಳೇ ಇಲ್ಲ, ಕರೆದಾಗ ಹೋಗುವ ಕೆಲಸ. ಅಂಥವರಿಗೆ ದುಡಿದ ಗಂಟೆಯ ಶೇ. 12.07ರಷ್ಟು ರಜೆ ಕೂಡುತ್ತದೆ. 2024ರ ಏಪ್ರಿಲ್ 1ರಿಂದ ಈಚೆಗೆ ಶುರುವಾದ ರಜೆ ವರ್ಷಗಳಿಗೆ ಈ ಲೆಕ್ಕ. ವರ್ಷದ 52 ವಾರದಲ್ಲಿ 5.6 ಕಳೆದರೆ 46.4, ಅದರಿಂದ 5.6ನ್ನು ಭಾಗಿಸಿದರೆ ಬರುವ ಅಂಕಿ ಅದು. 40 ಗಂಟೆ ದುಡಿದರೆ ಹತ್ತಿರ ಹತ್ತಿರ 4 ಗಂಟೆ 50 ನಿಮಿಷ. ಇದಕ್ಕೆ ನಮ್ಮ ‘ಗಳಿಕೆ ರಜೆ’ ಒಪ್ಪುತ್ತದೆ ಅನಿಸುತ್ತದೆ. 1948ರ ಕಾರ್ಖಾನೆ ಕಾಯ್ದೆಯಲ್ಲೂ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಅಂತ ಗಳಿಸುವ ಲೆಕ್ಕವೇ ಇದ್ದದ್ದು.

ತಿದ್ದಿದ ಸಾಲು ಸದ್ಯಕ್ಕೆ ಹೀಗಿದೆ: ‘ವಾರಕ್ಕೆ ಮೂರು ದಿನ ಪಾರ್ಟ್ ಟೈಮ್ ಕೆಲಸ ಮಾಡುವವರಿಗೆ, ಸಾರ್ವಜನಿಕ ರಜೆಯೂ ಸೇರಿ, ವರ್ಷಕ್ಕೆ ಸಲ್ಲಬೇಕಾದ ರಜೆ ಕನಿಷ್ಠ 16.8 ದಿನ.’ ಅತ್ತಿಗೆ ಮಂಗಳವಾರ ಡ್ಯೂಟಿಗೆ ಹೋದಾಗ ಮ್ಯಾನೇಜರ್ ಹತ್ತಿರ ಮಾತಾಡುತ್ತಾರಂತೆ. ಸೋಮವಾರದೊಳಗೆ ಬರೆದರೆ ಇನ್ನೊಮ್ಮೆ ತಿದ್ದಿ ಕಳಿಸುತ್ತೇನೆ.